ಇಡ್ಲಿ ಮುಚ್ಚಳದ ಸುತ್ತ ಬರೆದ ಅರ್ಜಿ

1999 ಫೆಬ್ರವರಿ 3, ಬುಧವಾರ

ಅಕ್ಷರ ಕೆಟ್ಟದಾಗಿದೆ. ತಪ್ಪುಗಳೂ ಇರುತ್ತವೆ. ನಾಲ್ಕನೇ ಕ್ಲಾಸಿಗೆ ಬಿಡಿಸಿದರು, ಅಷ್ಟೇ ಬಂದದ್ದು. ಯಾರೂ ಓದುವವರಿಲ್ಲ, ಆದರೂ ಕ್ಷಮೆ ಕೇಳಿಬಿಡುತ್ತೇನೆ. ಇದು ಇಂಜಿನಿಯರಿಂಗ್ ಹುಡುಗನೊಬ್ಬನ ರೆಕಾರ್ಡ್ ಬುಕ್ಕು. ರೂಮು ಖಾಲಿ ಮಾಡುವಾಗ ಹಾಸಿಗೆ, ಒಡೆದ ಬಕೆಟ್ಟಿನ ಜೊತೆ ಚರಂಡಿ ಪಕ್ಕ ಎಸೆದು ಹೋಗಿದ್ದ. ಹದಿನೆಂಟು ಹಾಳೆ ಅವನದು. ಉಳಿದದ್ದು ನನ್ನದು.

ಬೆಳಗ್ಗೆ ನಲ್ಲಿ ತಿರುಗಿಸಿದೆ. ಗಾಳಿ ಬಂತು. ಇವತ್ತಿಗೆ ಹನ್ನೊಂದು ದಿನ. ಕಾಲೇಜಿನ ಹಿಂದಿನ ಬೋರ್‌ವೆಲ್ಲಿಗೆ ಆರು ಸಲ ಹೋಗಿ ಬಂದೆ. ಏಳಕ್ಕೆ ಆಗಬೇಕಾದ ಇಡ್ಲಿ ಎಂಟೂವರೆಗೆ ಆಯಿತು. ಕಾಲೇಜು ಹುಡುಗರು ಗಡಿಯಾರ ನೋಡಿಕೊಂಡು ಹೊರಟೇಹೋದರು. ಮೂರು ಒಬ್ಬೆ ಉಳಿಯಿತು. ಮಧ್ಯಾಹ್ನ ನಾವೂ ಇಡ್ಲಿ, ರಾತ್ರಿಯೂ ಇಡ್ಲಿ.

ಫೆಬ್ರವರಿ 6, ಶನಿವಾರ

ಪಿನ್ನಮ್ಮ ಇವತ್ತು ಹೇಳಿಯೇಬಿಟ್ಟಳು. ನಮ್ಮಮ್ಮನ ತಂಗಿ ಭಾರತಮ್ಮ, ನಾನು ಪಿನ್ನಮ್ಮ ಅನ್ನುತ್ತೇನೆ. ಕೋಲಾರದಲ್ಲಿ ಈ ಇಡ್ಲಿ ಒಲೆ ಹಚ್ಚಿ ಒಂಬತ್ತು ವರ್ಷ.

"ಉಗಾದಿವರೆಗೂ ನೋಡ್ತೀನಿ ತಿರುಮಲಾ. ನೀರು ಸರಿಹೋಗ್ಲಿಲ್ಲ ಅಂದ್ರೆ ಒಲೆ ಆರಿಸೋದೇ. ನಾನು ಮಾಲೂರಿಗೆ ಮಗಳ ಮನೆಗೆ. ನೀನು ರಾಯಲ್ಪಾಡಿಗೆ."

ರಾಯಲ್ಪಾಡು ಅಂದರೆ ಅಣ್ಣನ ಮನೆ. ಟೊಮೆಟೊ ಬಿಡಿಸುವುದು ಕಷ್ಟವಲ್ಲ, ಬಿಡಿಸಿದ್ದೇನೆ. ಅಲ್ಲಿ ಪೆನ್ನು ಹಿಡಿದರೆ ಅತ್ತಿಗೆ ಬಾಗಿಲಲ್ಲಿ ನಿಂತು "ಏಮಮ್ಮಾ ಕಲೆಕ್ಟರಮ್ಮಾ, ಪಾತ್ರೆ ನಾನೇ ತೊಳೀಲಾ?" ಅನ್ನುತ್ತಾಳೆ. ಇಲ್ಲಿ ನಾನು ಬರೆಯುವುದನ್ನು ಯಾರೂ ನೋಡುವುದಿಲ್ಲ. ಎರಡು ವರ್ಷದಿಂದ ಅದೊಂದೇ ಸುಖ.

ಹೋಗಬಾರದು.

ಫೆಬ್ರವರಿ 9, ಮಂಗಳವಾರ

ಶ್ರೀರಾಮಪ್ಪನವರಿಗೆ ಇಡ್ಲಿ ಕೊಡಲು ಹೋಗಿದ್ದೆ. ತಾಲ್ಲೂಕು ಆಫೀಸಿನಲ್ಲಿ ಗುಮಾಸ್ತರಾಗಿದ್ದವರು. ಬೀದಿಯ ಅರ್ಜಿಗಳನ್ನೆಲ್ಲ ಬರೆಯುವುದು ಅವರೇ. ಈಗ ಕಣ್ಣಿನ ಆಪರೇಷನ್ ಆಗಿ ಹಸಿರು ಬಟ್ಟೆ ಕಟ್ಟಿಕೊಂಡು ಕೂತಿದ್ದಾರೆ. ಮಾರ್ಚ್ ಮೂರಕ್ಕೆ ಮುನಿಸಿಪಾಲ್ಟಿಯಲ್ಲಿ ನೀರಿನ ಸಭೆಯಂತೆ. ದೊಡ್ಡ ಆಫೀಸರು ಬರುತ್ತಾರಂತೆ.

"ನೀನು ಬರಿ," ಅಂದರು.

"ನನ್ನ ಅಕ್ಷರ ಚೆನ್ನಾಗಿಲ್ಲ ತಾತ."

"ನಂಗೆ ಈಗ ಯಾರ ಅಕ್ಷರಾನೂ ಕಾಣಲ್ಲ. ಬರಿ. ಈ ಬೀದಿಗೆ ಏನೇನು ಬೇಡವಾಗಿದೆ, ಮನೆ ಮನೆಗೆ ಹೋಗಿ ಕೇಳ್ಕೊಂಡು ಬಾ."

ಮನೆ ಮನೆಗೆ! ನಾನು ಇಡ್ಲಿ ಕೊಡುವಾಗಲೂ ಬಾಗಿಲಲ್ಲಿಟ್ಟು ಬಳೆ ಸದ್ದು ಮಾಡಿ ಬರುವವಳು.

ಫೆಬ್ರವರಿ 12, ಶುಕ್ರವಾರ

ಹದಿನಾಲ್ಕು ಮನೆ ಆಯಿತು. ಬೈಯಲು ಹೇಳಿದರೆ ಜನ ಚಾಪೆ ಹಾಕಿ ಕೂರಿಸಿಕೊಳ್ಳುತ್ತಾರೆ!

ಬೈಕು. ಸೈಲೆನ್ಸರ್ ಕಿತ್ತ ಬೈಕು. ಕಾಲೇಜ್ ಡೇ ಬಂದರೆ ಮೂರು ದಿನ ಮೈಕು. ಸಂಸಾರಸ್ಥರಿಗೆ ಮನೆ ಸಿಗುವುದಿಲ್ಲ, ಐದು ಹುಡುಗರಾದರೆ ತಲೆಗಿಷ್ಟು ಬಾಡಿಗೆ ಬರುತ್ತದೆ. ತಾರಸಿ ಮೇಲೆ ಬಟ್ಟೆ ಒಣಗಿಹಾಕುವ ಹಾಗಿಲ್ಲ, ಎದುರು ತಾರಸಿ ತುಂಬ ಓದುವವರು — ಪುಸ್ತಕ ತಲೆಕೆಳಗಾಗಿ ಹಿಡಿದು. ಜೂನ್ ಬಂದರೆ ಚರಂಡಿ ತುಂಬ ಹಾಸಿಗೆ. ಆಟೋದವನು ನಮ್ಮನ್ನೂ ಸ್ಟೂಡೆಂಟ್ ಅಂದುಕೊಂಡು ಐದು ರೂಪಾಯಿ ಜಾಸ್ತಿ ಕೇಳುತ್ತಾನೆ (ಇದು ಶಾಮಲಮ್ಮ. ಅವರಿಗೆ ಐವತ್ತೆರಡು ವರ್ಷ).

ವೆಂಕಟರತ್ನಮ್ಮಜ್ಜಿ ಮಾತ್ರ ಬೈಯಲಿಲ್ಲ. "ಹೆಸರು ಕಲಿತು ಬಾಯ್ತುಂಬ ಕರೆಯೋ ಹೊತ್ತಿಗೆ ಹೊರಟ್ಹೋಗ್ತಾರೆ ಕಣಮ್ಮ. ಮತ್ತೆ ಹೊಸ ಹೆಸರು. ಹದಿನಾರು ವರ್ಷದಿಂದ ಕಲೀತಾನೇ ಇದೀನಿ." ಅದನ್ನೂ ಬರೆದುಕೊಂಡೆ.

ಆದರೆ ಎಲ್ಲರೂ ಮೊದಲು ಹೇಳಿದ್ದು ನೀರು. ಗಂಗುಲಪ್ಪನವರು ಹುಡುಗರಿಗಾಗಿ ಕಟ್ಟಿಸಿದ ಮೂರಂತಸ್ತಿನ ಕಟ್ಟಡದಲ್ಲಿ ಮುನಿಸಿಪಾಲ್ಟಿ ಪೈಪಿಗೇ ಮೋಟರ್ ಹಾಕಿದ್ದಾರೆ. ನೀರು ಬಿಟ್ಟ ದಿನ ಅಷ್ಟೂ ಅಲ್ಲಿಗೇ ಏರುತ್ತದೆ.

ಶಾಮಲಮ್ಮ ಇದನ್ನು ಜೋರಾಗಿ ಹೇಳುತ್ತಿರುವಾಗ ಅವರ ಹಿತ್ತಲಲ್ಲಿ ಕುಕ್ಕೆಯ ಕೆಳಗೆ ಏನೋ ಕಂಡಿತು. ನಾನು ನೋಡಿದ್ದನ್ನು ಅವರು ನೋಡಿದರು.

"ಅದು ಪಾಪದ್ದು ಕಣೇ. ಅರ್ಧ ಎಚ್‌ಪಿ ಮೋಟರ್. ಅವನೆಳೆದು ಮಿಕ್ಕಿದ್ದು ಎಳೆಯುತ್ತೆ, ಅಷ್ಟೆ."

ರೂಮು ಬಾಡಿಗೆಗೆ ಕೊಟ್ಟವರ ಮನೆಯಲ್ಲೆಲ್ಲ ಒಂದೊಂದು ಪಾಪದ್ದು ಇದೆ. ಎಣಿಸಿದೆ. ಎಂಟು.

ನೀನೇನು ಬರೀತೀಯ ನಿನ್ನದು ಅಂತ ತಾತ ಕೇಳಿದರು. ಕಾಲೇಜು ಗೇಟಿನ ಮುಂದೆ ತಲೆ ತಗ್ಗಿಸಿ ಹೋಗುವುದು ನನಗೆ ಇಷ್ಟವಿಲ್ಲ. ಆದರೆ ತಗ್ಗಿಸುವವಳು ನಾನೇ.

ಫೆಬ್ರವರಿ 16, ಮಂಗಳವಾರ

ಅರ್ಜಿ ಬರೆದು ಮುಗಿಸಿದೆ. ನಾಲ್ಕು ಹಾಳೆ. ಯಾವ ಮಾತು ಯಾರು ಹೇಳಿದರು ಅಂತ ಪಕ್ಕದಲ್ಲೇ ಹೆಸರು.

ಸಹಿಗೆ ಮೊದಲು ಗಂಗುಲಪ್ಪನವರ ಮನೆಗೆ ಹೋದೆ.

ನಮ್ಮೂರಲ್ಲಿ ಹಾಗೇ. ಯಾವ ಕಾಗದವಾದರೂ ಮೊದಲು ದೊಡ್ಡವರ ಮನೆಗೆ. ದೂರು ಅವರ ಮೇಲೇ ಇದ್ದರೂ ಅವರಿಗೇ ಮೊದಲು ಹೇಳಬೇಕು, ಹಿಂದಿನಿಂದ ಹೇಳುವುದು ಮರ್ಯಾದೆಯಲ್ಲ. ತೋರಿಸಿದರೆ ನಾಚಿಕೊಂಡು ಮೋಟರ್ ತೆಗೆಯುತ್ತಾರೆ, ಸಭೆಯೇ ಬೇಕಾಗುವುದಿಲ್ಲ ಅಂತ ದಾರಿಯುದ್ದಕ್ಕೂ ಅಂದುಕೊಂಡು ಹೋದೆ.

ನಿಧಾನವಾಗಿ ನಾಲ್ಕೂ ಹಾಳೆ ಓದಿದರು. ಹೆಸರುಗಳನ್ನು ಎರಡು ಸಲ ಓದಿದರು. ಮಡಿಸಿ ಜೇಬಿಗಿಟ್ಟುಕೊಂಡರು.

"ಒಳ್ಳೇದಾಯ್ತಮ್ಮ ತಂದ್ಕೊಟ್ಟಿದ್ದು. ನಾಳೆಯಿಂದ ನಮ್ಮನೆಗೂ ನಾಲ್ಕು ಇಡ್ಲಿ ತಾ."

ಫೆಬ್ರವರಿ 23, ಮಂಗಳವಾರ

ಒಂದು ವಾರ ಬರೆಯಲಿಲ್ಲ. ಪುಸ್ತಕ ಅಕ್ಕಿ ಡಬ್ಬಿಯ ಹಿಂದೆ ಇತ್ತು.

ಗಂಗುಲಪ್ಪನವರು ಆ ಹಾಳೆ ಹಿಡಿದು ಮನೆ ಮನೆಗೆ ಹೋಗಿ ಓದಿ ಹೇಳಿದರು. "ನೀನು ಹೀಗಂದ್ಯಂತೆ? ನಿನ್ನ ಹಿತ್ತಲಲ್ಲಿರೋದೇನು ಮತ್ತೆ?" ಬೀದಿಗೆ ಬೀದಿಯೇ ನನ್ನನ್ನು ಕಂಡರೆ ಬಾಗಿಲು ಹಾಕಿಕೊಂಡಿತು. ಶಾಮಲಮ್ಮ ಮಾತ್ರ ಹಾಕಿಕೊಳ್ಳಲಿಲ್ಲ. ಬಾಗಿಲಲ್ಲೇ ನಿಂತು, "ಲೇ ಪೆದ್ದಿ, ಕಳ್ಳನ ಹತ್ರಾನೇ ಬೀಗದ ಕೈ ಕೊಟ್ಟು ಬಂದ್ಯಾ?" ಅಂದರು. ನೀರು ಈ ಸಲ ಹದಿನಾಲ್ಕು ದಿನಕ್ಕೆ ಬಂತು, ಅರ್ಧ ಗಂಟೆ. ಪಿನ್ನಮ್ಮ ದೊಡ್ಡ ಪಾತ್ರೆಗಳನ್ನು ಮೂಟೆ ಕಟ್ಟಲು ಶುರು ಮಾಡಿದ್ದಾಳೆ.

ಇವತ್ತು ಧೈರ್ಯ ಮಾಡಿ ತಾತನ ಹತ್ತಿರ ಹೋದೆ. ಬೈಯುತ್ತಾರೆ ಅಂದುಕೊಂಡಿದ್ದೆ. ನಕ್ಕರು. ಕಣ್ಣಿಂದ ನೀರು ಬಂದು, ಡಾಕ್ಟರು ನಗಬೇಡಿ ಅಂದಿದ್ದಾರೆ ಅಂತ ಮತ್ತೆ ನಕ್ಕರು.

"ಹಾಳೆ ತಾನೇ ಹೋಗಿದ್ದು? ಮಾತು ನೆನಪಿದೆಯೋ ಇಲ್ವೋ?"

"ಎಲ್ಲಾ ನೆನಪಿದೆ ತಾತ. ಅವರಂದ ಹಾಗೇ."

"ಮತ್ತೇನು? ಈ ಸಲ ಯಾರ ಹೆಸರೂ ಪಕ್ಕದಲ್ಲಿ ಹಾಕ್ಬೇಡ."

ಕೂತು ಬರೆದೆ. ಕೊನೆಗೆ ಒಂದು ಹೊಸ ಸಾಲು ಸೇರಿಸಿದೆ: ಪೈಪಿಗೆ ಹಾಕಿದ ಮೋಟರ್‌ಗಳನ್ನೆಲ್ಲ ತೆಗೆಸಿ. ದೊಡ್ಡದನ್ನೂ ತೆಗೆಸಿ, ನಮ್ಮ ಎಂಟು ಚಿಕ್ಕವನ್ನೂ ತೆಗೆಸಿ. ಓದಿ ಹೇಳಿದೆ. ತಾತ ಕಣ್ಣಿನ ಬಟ್ಟೆ ಸರಿಮಾಡಿಕೊಂಡರು. ಅವರ ಮನೆಯಲ್ಲೂ ಒಂದಿದೆ.

"ಆ ಸಾಲು ಹೊಡೆದುಹಾಕು," ಅಂದರು.

"ಇಲ್ಲ ತಾತ."

ಇಲ್ಲ ಅಂದೆ! ನಾನು!

ಫೆಬ್ರವರಿ 25, ಗುರುವಾರ

ಯಾರ ಹೆಸರೂ ಇಲ್ಲ ಅಂದ ಮೇಲೆ ಬಾಗಿಲು ತೆಗೆದರು. ಆದರೆ ಸಹಿ ಯಾರೂ ಹಾಕುವುದಿಲ್ಲ. ಓದಿಸಿಕೊಳ್ಳುತ್ತಾರೆ, ತಲೆ ಆಡಿಸುತ್ತಾರೆ, ಪೆನ್ನು ಕೈಗೆ ತೆಗೆದುಕೊಳ್ಳುತ್ತಾರೆ. ಆಮೇಲೆ, "ಮೇಲೆ ಯಾರದೂ ಇಲ್ವಲ್ಲ? ಬೇರೆಯವರದ್ದು ಮಾಡಿಸ್ಕೊಂಡು ಬಾ, ಕೆಳಗೆ ನಾನು ಹಾಕ್ತೀನಿ." ಮೊದಲ ಸಹಿ ಯಾರದೋ ಅವರನ್ನೇ ಆಫೀಸಿಗೆ ಅಲೆಸುತ್ತಾರಂತೆ. ಮೊದಲ ಸಹಿ ನನ್ನದೇ ಹಾಕುತ್ತೇನೆ ಅಂದರೆ, "ನಿನ್ನ ಕೆಳಗೆ ನಾವು ಹಾಕೋದಾ?" ಹದಿನಾಲ್ಕು ಮನೆ, ಹದಿನಾಲ್ಕರಲ್ಲೂ ಎರಡನೇ ಸಹಿ ಸಿದ್ಧ. ಮೊದಲನೆಯದೇ ಇಲ್ಲ.

ಸಂಜೆ ಇಡ್ಲಿ ಪಾತ್ರೆಯ ಮುಚ್ಚಳ ತೊಳೆದು ಒರೆಸುತ್ತಿದ್ದೆ. ಒರೆಸುತ್ತ ಒರೆಸುತ್ತ ಎಲ್ಲಿಂದ ಶುರು ಮಾಡಿದೆ ಅನ್ನುವುದೇ ಮರೆಯಿತು. ದುಂಡಗಿದ್ದರೆ ಹಾಗೇ.

ಎದ್ದು ಹುಡುಗರು ಎಸೆದ ಡ್ರಾಯಿಂಗ್ ಶೀಟು ಹುಡುಕಿದೆ. ಅದರ ಮೇಲೆ ಮುಚ್ಚಳ ಬೋರಲು ಹಾಕಿ ಸುತ್ತ ಗೆರೆ ಎಳೆದೆ. ಅರ್ಜಿಯನ್ನು ನಡುವೆ ಚಿಕ್ಕದಾಗಿ ಬರೆದೆ. ಸಹಿ ಸುತ್ತಲೂ.

ಶಾಮಲಮ್ಮ ಶೀಟನ್ನು ಒಂದು ಸುತ್ತು ತಿರುಗಿಸಿದರು. ಇನ್ನೊಂದು ಸುತ್ತು ತಿರುಗಿಸಿದರು.

"ಇದ್ರಲ್ಲಿ ಮೊದಲು ಯಾರೇ?"

"ಯಾರೂ ಇಲ್ಲ ಶಾಮಲಮ್ಮ."

"ಕಳ್ಳಿ! ಕೊಡಿಲ್ಲಿ ಪೆನ್ನು."

ಫೆಬ್ರವರಿ 27, ಶನಿವಾರ

ಹದಿನಾಲ್ಕೂ ಮನೆ ಆಯಿತು. ತಾತ ಕಣ್ಣು ಕಾಣದಿದ್ದರೂ ತಡವಿಕೊಂಡು ಹಾಕಿದರು. ಅವರ ಸಹಿ ಮುಚ್ಚಳದ ಗೆರೆಯ ಒಳಗೇ ಬಂದುಬಿಟ್ಟಿದೆ. ಆದರೂ ಅರ್ಧಕ್ಕಿಂತ ಜಾಸ್ತಿ ಸುತ್ತು ಖಾಲಿ. ಖಾಲಿ ಇದ್ದರೆ ಎಲ್ಲಿಂದ ಶುರುವಾಯಿತು ಅಂತ ಗೊತ್ತಾಗುತ್ತದೆ.

ಅದಕ್ಕೇ ಹೋದೆ. ಗಂಗುಲಪ್ಪನವರ ಕಟ್ಟಡಕ್ಕೇ, ಮೆಟ್ಟಿಲು ಹತ್ತಿ. ಮೊದಲನೇ ಬಾಗಿಲಲ್ಲಿ ಕದಿರೇಶ ಅನ್ನುವ ಹುಡುಗ. ದಿನಾ ಆರು ಇಡ್ಲಿ ತಿನ್ನುವವನು, ಕೆಜಿಎಫ್ ಕಡೆಯವನು.

"ಏನಕ್ಕಾ, ಇಡ್ಲಿ ರೂಮಿಗೇ ಬಂತಾ?"

ಶೀಟು ಮುಂದೆ ಹಿಡಿದೆ. ಅವನು ಓದಿದ. ತಾರಸಿಯ ಮೇಲಿನ ಪುಸ್ತಕದ ವಿಷಯ ಬಂದಾಗ ಕಿವಿ ಕೆಂಪಾಯಿತು. ಆಮೇಲೆ ಅಂದ:

"ಅಕ್ಕಾ, ನೀರೆಲ್ಲ ನಮಗೇ ಬರುತ್ತೆ ಅಂತ ಯಾರು ಹೇಳಿದ್ದು? ನಮಗೆ ದಿನಕ್ಕೆ ಒಂದೊಂದು ಬಕೆಟ್ಟು. ಓನರ್ ಮಿಕ್ಕಿದ್ದನ್ನ ಟ್ಯಾಂಕರಿಗೆ ತುಂಬಿಸಿ ಕಳಿಸ್ತಾರೆ. ನೀರು ಬಿಟ್ಟಾಗೆಲ್ಲ, ಸಂಜೆ."

ಆ ಟ್ಯಾಂಕರ್ ನಾವೆಲ್ಲ ನೋಡಿದ್ದೇವೆ. ನೀರು ತರುತ್ತದೆ ಅಂದುಕೊಂಡಿದ್ದೆವು. ಒಯ್ಯುತ್ತಿತ್ತು.

ಇಪ್ಪತ್ತೇಳು ಹುಡುಗರು ಸಹಿ ಹಾಕಿದರು. ಸುತ್ತು ಕೂಡಿತು. ಟ್ಯಾಂಕರ್ ವಿಷಯ ಮಧ್ಯದಲ್ಲಿ ತುರುಕಿ ಬರೆದೆ. ಒಬ್ಬ ಕೇಳಿದ, "ನಮಗೆ ಬೇಡವಾದದ್ದೂ ಬರೀಬಹುದಾ? ಬಾಡಿಗೆ ಮನೇಲಿ ಮೊಟ್ಟೆ ಬೇಯಿಸೋ ಹಾಗಿಲ್ಲ." ಅದಕ್ಕೆ ಜಾಗವಿಲ್ಲಪ್ಪ ಅಂದೆ. ಎಲ್ಲರೂ ನಕ್ಕರು. ನಾನೂ.

ಮಾರ್ಚ್ 3, ಬುಧವಾರ, ಸಂಜೆ

ಇದನ್ನು ಇವತ್ತೇ ಬರೆಯಬೇಕು.

ಮುನಿಸಿಪಾಲ್ಟಿ ಹಾಲ್ ತುಂಬಿತ್ತು. ಗಂಗುಲಪ್ಪನವರು ಮುಂದಿನ ಕುರ್ಚಿಯಲ್ಲಿ. ತಾತನ ಕೈ ಹಿಡಿದು ಕರೆದುಕೊಂಡು ಹೋಗುವುದಷ್ಟೇ ನನ್ನ ಕೆಲಸ ಅಂದುಕೊಂಡಿದ್ದೆ. ಆಫೀಸರು ಶೀಟು ಬಿಚ್ಚಿದರು, ತಿರುಗಿಸಿದರು, ತಲೆ ವಾರೆ ಮಾಡಿದರು.

"ಇದೇನ್ರೀ, ಜಾತಕದ ಚಕ್ರಾನಾ? ಬರೆದೋರು ಯಾರು?"

ತಾತ ನನ್ನ ಬೆನ್ನಿಗೆ ತಿವಿದರು.

ಗಂಗುಲಪ್ಪನವರು ಎದ್ದರು. "ಸಾರ್, ಅದು ಇಡ್ಲಿ ಮಾರೋ ಹುಡುಗಿ ಸಾರ್. ನಾಲ್ಕನೇ ಕ್ಲಾಸು. ಅದನ್ನೆಲ್ಲ ಮನಸ್ಸಿಗೆ ಹಚ್ಕೋಬೇಡಿ."

"ನೀವು ಕೂತ್ಕೊಳ್ಳಿ. ಅಕ್ಷರ ಸಣ್ಣದು, ನಂಗೆ ಕಾಣ್ತಿಲ್ಲ. ನೀನೇ ಓದಮ್ಮ."

ಓದಿದೆ. ಮೊದಲ ಎರಡು ಸಾಲು ನನಗೇ ಕೇಳಿಸಲಿಲ್ಲ. "ಜೋರಾಗಿ!" ಅಂತ ಹಿಂದಿನಿಂದ ಪಿನ್ನಮ್ಮ. ಅವಳು ಬಂದದ್ದೇ ಗೊತ್ತಿರಲಿಲ್ಲ. ಬೈಕು ಬಂತು, ಮೈಕು ಬಂತು. ಆಟೋದವನ ಸಾಲಿಗೆ ಹಾಲ್ ತುಂಬ ನಗು. ಹದಿನಾರು ವರ್ಷದಿಂದ ಹೆಸರು ಕಲಿಯುತ್ತಿರುವ ಅಜ್ಜಿಯ ಸಾಲಿಗೆ ಯಾರೂ ನಗಲಿಲ್ಲ. ಹಿಂದೆ ನಿಂತಿದ್ದ ಹುಡುಗರು ನೆಲ ನೋಡಿದರು. ಆಮೇಲೆ ಟ್ಯಾಂಕರ್. ಆಮೇಲೆ ಮೋಟರ್, ದೊಡ್ಡದೂ ನಮ್ಮ ಎಂಟೂ.

ಓದಿ ಮುಗಿಸಿದಾಗ ನಾನು ತಲೆ ಎತ್ತಿಕೊಂಡಿದ್ದೆ. ಯಾವಾಗ ಎತ್ತಿದೆನೋ.

"ಸುಳ್ಳು ಸಾರ್!" ಗಂಗುಲಪ್ಪನವರು. "ಯಾರ ಮನೇಲಿದೆ ಮೋಟರ್? ಎದ್ದು ಹೇಳಲಿ ನೋಡೋಣ!"

ಯಾರೂ ಏಳುವುದಿಲ್ಲ ಅಂತ ಅವರಿಗೆ ಗೊತ್ತು. ನನಗೂ ಗೊತ್ತು.

ಶಾಮಲಮ್ಮ ಎದ್ದರು. ಸೆರಗು ಸಿಕ್ಕಿಸಿಕೊಂಡು.

"ನಮ್ಮನೇಲಿ ಒಂದಿದೆ ಸಾರ್. ಕುಕ್ಕೆ ಕೆಳಗೆ. ಬಂದು ಕಿತ್ಕೊಂಡು ಹೋಗಿ. ಆದ್ರೆ ನಂದು ಕೀಳೋಕೆ ಮುಂಚೆ ಇವರದ್ದು ಕೀಳಿ, ನಾನು ನಿಂತು ನೋಡ್ಬೇಕು."

ಆಮೇಲೆ ತಾತ ಎದ್ದರು. ಆಮೇಲೆ ಇನ್ನೊಬ್ಬರು. ಎಂಟೂ ಜನ ಎದ್ದು ನಿಂತರು. ಹಿಂದಿನಿಂದ ಕದಿರೇಶ ಕೂಗಿದ, "ಟ್ಯಾಂಕರ್ ನಂಬರ್ ನಾನು ಹೇಳ್ತೀನಿ ಸಾರ್!" ಗಂಗುಲಪ್ಪನವರು ಮಾತ್ರ ಕೂತುಬಿಟ್ಟರು.

ಒಂದು ವಾರದೊಳಗೆ ಎಲ್ಲ ಮೋಟರೂ ತೆಗೆಯಬೇಕು, ಬೀದಿಗೆ ಐದು ದಿನಕ್ಕೊಮ್ಮೆ ನೀರು ಬಿಡಬೇಕು ಅಂತ ಆಫೀಸರು ಅಲ್ಲೇ ಬರೆಸಿ ಸಹಿ ಹಾಕಿದರು.

ಮನೆಗೆ ಬಂದು ಪಿನ್ನಮ್ಮ, "ಗೊಂತು ಇದ್ಯಲ್ಲೇ ನಿಂಗೆ!" ಅಂದಳು. ತೆಲುಗಿನಲ್ಲಿ ಗೊಂತು ಅಂದರೆ ಗಂಟಲು, ದನಿ.

ಮಾರ್ಚ್ 10, ಬುಧವಾರ

ಮುನಿಸಿಪಾಲ್ಟಿಯವರು ಬಂದರು. ಗಂಗುಲಪ್ಪನವರದ್ದು ಹೊರಲು ಇಬ್ಬರು ಬೇಕಾಯಿತು. ಶಾಮಲಮ್ಮ ಕಾಂಪೌಂಡಿನ ಹೊರಗೆ ಸ್ಟೂಲು ಹಾಕಿಕೊಂಡು ಕೂತು ನೋಡಿದರು. ಆಮೇಲೆ ಮನೆಗೆ ಹೋಗಿ ತಮ್ಮದನ್ನು ತಾವೇ ತಂದುಕೊಟ್ಟರು, ಮಗು ಎತ್ತಿಕೊಂಡ ಹಾಗೆ.

ಬೈಕು ಹಾಗೇ ಇದೆ. ಮೈಕೂ ಬರುತ್ತದೆ. ಅದಕ್ಕೆ ಇನ್ನೊಂದು ಅರ್ಜಿ ಬರೀತೀಯಾ ಅಂತ ಮೂರು ಮನೆಯವರು ಕೇಳಿದರು. ಬರೀತೀನಿ ಅಂದೆ.

ಪಿನ್ನಮ್ಮ ಮೂಟೆ ಬಿಚ್ಚಿ ದೊಡ್ಡ ಪಾತ್ರೆಗಳನ್ನು ಮತ್ತೆ ಒಲೆಯ ಪಕ್ಕ ಇಟ್ಟಳು. ಅಣ್ಣನಿಗೆ ಕಾಗದ ನನ್ನ ಕೈಯಲ್ಲೇ ಬರೆಸಿದಳು: ಹುಡುಗಿ ಬರುವುದಿಲ್ಲ, ಇಲ್ಲಿ ಕೆಲಸವಿದೆ.

ಮಾರ್ಚ್ 14, ಭಾನುವಾರ

ನೀರು ಬಂತು. ಬಂತು ಅಂದರೆ — ನಲ್ಲಿ ಕೈಗೆ ಸಿಗದ ಹಾಗೆ ಅದುರಿತು. ಬಿಂದಿಗೆ, ಡ್ರಮ್ಮು, ಹಂಡೆ, ಎಲ್ಲ ತುಂಬಿತು. ತುಂಬಿದ ಮೇಲೂ ಬರುತ್ತಿತ್ತು. ಬೀದಿಯಲ್ಲಿ ಎಲ್ಲರ ಮನೆಯಲ್ಲೂ ಅದೇ ಸದ್ದು.

ಇಡ್ಲಿ ಏಳಕ್ಕೆ ಐದು ನಿಮಿಷ ಇರುವಾಗಲೇ ಆಯಿತು. ಆಮೇಲೆ ಬಾಗಿಲು ಹಾಕಿಕೊಂಡು ತಲೆಗೆ ಸ್ನಾನ ಮಾಡಿದೆ. ಮೂರು ಬಿಂದಿಗೆ. ಚೊಂಬು ಲೆಕ್ಕ ಇಡಲಿಲ್ಲ. ಕೂದಲು ಒರೆಸದೆ ಹಾಗೇ ಬಂದು ಕೂತಿದ್ದೇನೆ, ಹಾಳೆಯ ಮೇಲೆ ತೊಟ್ಟು ಬಿದ್ದು ಶಾಯಿ ಹರಡುತ್ತಿದೆ.