ಪೂರ್ತಿ ತುಂಬಿದ ವೃತ್ತ

೧೪ ಮಾರ್ಚ್, ಭಾನುವಾರ

ಪ್ರೀತಿಯ ಚೂಟಿ,

ಹೇಗಿದ್ದೀಯೆ? ಕೈಯ ಹೊಲಿಗೆ ಬಿಚ್ಚಿದರೆಂದು ನಿನ್ನ ಅತ್ತೆ ಫೋನಿನಲ್ಲಿ ಹೇಳಿದರು. ಮೂರು ವಾರದಿಂದ ಈ ಪತ್ರ ಬರೆದು ಬರೆದು ಹರಿದಿದ್ದೇನೆ. ತಡವಾಯಿತು, ಕ್ಷಮಿಸು.

ಕಾರ್ಖಾನೆಯಲ್ಲಿ ವಾಲ್ವ್ ಜೋಡಿಸುವ ನಮ್ಮ ಸೆಲ್‌ನಲ್ಲಿ ನೀನಿಲ್ಲದೆ ಈಗ ಐದೇ ಜನ. ಉದ್ದ ಸಾಲಿನಲ್ಲಿದ್ದ ಯಂತ್ರಗಳನ್ನು ಕುದುರೆ ಲಾಳದ ಆಕಾರಕ್ಕೆ ಜೋಡಿಸಿದ ದಿನ ಮ್ಯಾನೇಜರು ಆಡಿದ ಮಾತು ನನಗೆ ಅಕ್ಷರಶಃ ನೆನಪಿದೆ: "ಎಲ್ಲರಿಗೂ ಎಲ್ಲ ಕೆಲಸ ಬಂದ್ರೆ ಯಾರ ಕೆಲಸಾನೂ ಹೋಗಲ್ಲ." ಹನ್ನೊಂದು ವರ್ಷವಾಯಿತು. ಆರ್ಡರ್ ಇಳಿದಾಗ ಎಂಟು ಜನ ಆರಾದೆವು. ಏರಿದಾಗ ಆ ಆರೇ ಜನ ಎಂಟರ ಕೆಲಸ ಮಾಡಿದೆವು. "ಅಕ್ಕಾ, ಇನ್ನೊಂದು ಆರ್ಡರ್ ಬಂದ್ರೆ ಕಾಲಲ್ಲೂ ಒಂದು ಮಷೀನ್ ನಡೆಸ್ಬೇಕು" ಎಂದು ನೀನೇ ನಗಿಸಿದ್ದೆಯಲ್ಲ.

ಮೊನ್ನೆ ನಿನ್ನ ಅಪಘಾತದ ವಿಚಾರಣೆ ನಡೆಯಿತು. ಸುರಕ್ಷತಾ ಅಧಿಕಾರಿ ಗೋಡೆಯ ಕೌಶಲ ಪಟ್ಟಿಯನ್ನೇ ಕಿತ್ತು ತಂದಿದ್ದ. "ನೋಡಿ, ಪ್ರೆಸ್ ಮಷೀನಿಗೆ ಈಕೆ ಹೆಸರಿನ ಮುಂದೆ ವೃತ್ತ ಪೂರ್ತಿ ತುಂಬಿದೆ. ಅಂದ್ರೆ ಒಬ್ಬಳೇ ನಡೆಸಬಲ್ಲಳು. ತಪ್ಪು ಆಕೆಯ ಅಜಾಗರೂಕತೆಯದೇ" ಎಂದ.

ಫಿಟ್ಟರ್ ತಾತ ಎದ್ದು ನಿಂತರು. "ಸ್ವಾಮಿ, ಅವತ್ತು ದುಪ್ಪಟ್ಟು ಆರ್ಡರ್ ಬಂತು. ಈ ಸೆಲ್ ಲೀಡರ್ ಅಕ್ಕಂಗೆ ವಾರದ ರಜೆ. ಜೋಡಣೆ ಮೇಜಿಂದ ಆ ಹುಡುಗೀನ ಎಬ್ಬಿಸಿ ಪ್ರೆಸ್ಸಿಗೆ ನಿಲ್ಲಿಸಿದ್ರಿ. ನಂಗೆ ಬರಲ್ಲ ಅಂದ್ಲು, ನಮ್ಮೆದುರಿಗೇ ಅಂದ್ಲು. ಪಟ್ಟಿ ತೋರಿಸಿ ಬಾಯಿ ಮುಚ್ಚಿಸಿದ್ರಿ!"

"ಹಾಗಾದ್ರೆ ಪಟ್ಟಿ ಸುಳ್ಳು ಹೇಳುತ್ತಾ?"

ಹೀಗೆ ಕೇಳಿ ಅಧಿಕಾರಿ ಪಟ್ಟಿಯನ್ನು ಸುರುಳಿ ಸುತ್ತಿಕೊಂಡು ಎದ್ದ.

ಶುಕ್ರವಾರ ತೀರ್ಮಾನ. ಅಜಾಗರೂಕತೆ ಎಂದಾದರೆ ನಿನ್ನನ್ನು ಮತ್ತೆ ಕೆಲಸಕ್ಕೆ ಸೇರಿಸಿಕೊಳ್ಳುವುದಿಲ್ಲ. ಮನುಷ್ಯರನ್ನು ಆರ್ಡರ್ ಬಂದಂತೆ ಎತ್ತಿಡಲು ಇವರಿಗೆ ಅಧಿಕಾರವಿದೆ. ಬೆರಳು ಹೋದಾಗ ಮಾತ್ರ ಜವಾಬ್ದಾರಿ ಬೆರಳಿನದು!

ಗಾಯಕ್ಕೆ ನೀರು ತಾಕಿಸಬೇಡ. ಹೊತ್ತಿಗೆ ಸರಿಯಾಗಿ ಉಣ್ಣು. ನೀನೂ ಮಗಳೂ ಚೆನ್ನಾಗಿರಿ.

ನಿನ್ನ
ಸೆಲ್ ಲೀಡರ್ ಅಕ್ಕ

ತಾ.ಕ.: ಇದು ಮರೆತು ಬಿಟ್ಟದ್ದಲ್ಲ, ಬರೆಯಲಾರದೆ ಬಿಟ್ಟದ್ದು. ಪ್ರೆಸ್ಸಿನ ಮುಂದೆ ನಿನ್ನ ವೃತ್ತ ತುಂಬಿದ್ದು ಕಾಲುಭಾಗ ಮಾತ್ರ. ಮತ್ತೆ ಜನ ಕಡಿಮೆ ಮಾಡುತ್ತಾರೆಂದು ಸುದ್ದಿ ಬಂದಾಗ, ಕಡಿಮೆ ಕಲಿತವರೇ ಮೊದಲು ಹೋಗುವುದೆಂದು ತಿಳಿದು, ಉಳಿದ ಮುಕ್ಕಾಲನ್ನು ನಾನೇ ಕಪ್ಪು ಪೆನ್ನಿನಿಂದ ತುಂಬಿದೆ. ನಿಧಾನವಾಗಿ ಕಲಿಸಿದರಾಯಿತು ಎಂದುಕೊಂಡೆ. ನಿನಗೂ ಹೇಳಲಿಲ್ಲ. ಅಧಿಕಾರಿ ಕೇಳಿದಾಗಲೂ ಹೇಳಲಿಲ್ಲ. ಈ ಪತ್ರ ನಿನಗೆ ತಲುಪುವ ಹೊತ್ತಿಗೆ ಅವನಿಗೆ ಎಲ್ಲವನ್ನೂ ಬರೆದುಕೊಟ್ಟಿರುತ್ತೇನೆ. ಆಮೇಲೆ ನನ್ನನ್ನು ಅಕ್ಕ ಎನ್ನುವುದು, ಬಿಡುವುದು ನಿನಗೆ ಸೇರಿದ್ದು.