ಚೀಟಿಯಲ್ಲಿ ಬರೆಸಿದ ಹೊಟ್ಟೆನೋವು

ಆಸ್ಪತ್ರೆಯ ಮುಖ್ಯ ವೈದ್ಯಾಧಿಕಾರಿಗಳಿಗೆ ಪತ್ರಿಕೆಯ ಮೂಲಕ ಬಹಿರಂಗ ಪತ್ರ. ಮಾನ್ಯರೇ,

ಕಳೆದ ಕಾರ್ತಿಕದಲ್ಲಿ ನಿಮ್ಮ ಆಸ್ಪತ್ರೆಯ ಚೀಟಿ ಕೊಡುವ ಕಿಟಕಿಯಲ್ಲಿ ನಾನೊಂದು ಸುಳ್ಳು ಹೇಳಿದೆ. ಗುಮಾಸ್ತರು ಅದನ್ನು ಬರೆದುಕೊಂಡರು, ಡಾಕ್ಟರು ಅದಕ್ಕೆ ಔಷಧಿ ಕೊಟ್ಟರು, ನನ್ನ ಸೊಸೆ ಸಾಯುವುದರಲ್ಲಿದ್ದಳು. ಸುಳ್ಳು ನನ್ನದು. ಕಿಟಕಿ ನಿಮ್ಮದು.

ನಾನು ಹಾರನಹಳ್ಳಿಯ ತೆಂಗಿನ ತೋಟದವನು. ಮೂರನೇ ತರಗತಿಗೆ ಶಾಲೆ ಬಿಟ್ಟರೂ ಅಕ್ಷರ ಬಿಡಲಿಲ್ಲ. ನೆಂಟರಿಷ್ಟರ ಒಳ್ಳೆಯದು ಕೆಟ್ಟದ್ದಕ್ಕೆಲ್ಲ ಕಾಗದ ಬರೆಯುವವನು ನಾನೇ. ನನಗೆ ಮಾತಿಗೇನೂ ಬರವಿಲ್ಲ ಎಂಬ ಜಂಬ ಇತ್ತು.

ಅವತ್ತು ಬೆಳಿಗ್ಗೆ ಹೆಂಡತಿ ಗುರುಸಿದ್ದಮ್ಮ ಅಡಿಗೆಮನೆಯಿಂದ ಓಡಿಬಂದು, "ರೀ, ದ್ರಾಕ್ಷಾಯಣಿ ಹೊರಗಾದಂಗೈತೆ. ಮೂರು ತಿಂಗ್ಳು ಕಣ್ರೀ! ಬೇಗ ಕರ್ಕೊಂಡೋಗಿ" ಎಂದಳು. ಅವಳಿಗೆ ಮಂಡಿನೋವು, ಬಸ್ಸು ಹತ್ತಲಾರಳು. ದ್ರಾಕ್ಷಾಯಣಿಯ ಗಂಡ, ನನ್ನ ಮಗ, ದೂರದೂರಿನಲ್ಲಿ ಮೇಷ್ಟ್ರು. "ದಾರೀಲಿ ಯಾರ ಹತ್ರನೂ ಬಾಯಿ ಬಿಡಬೇಡಿ ಮತ್ತೆ" ಎಂದೂ ಹೇಳಿ ಕಳಿಸಿದಳು. ಐದು ತಿಂಗಳು ತುಂಬುವವರೆಗೆ ಬಸಿರಿನ ಸುದ್ದಿ ಹೊಸಿಲು ದಾಟಬಾರದು, ದೃಷ್ಟಿಯಾಗುತ್ತದೆ ಎಂಬುದು ನಮ್ಮ ಮನೆಗಳ ವಾಡಿಕೆ.

ಕಿಟಕಿಯ ಮೇಲೆ ನಿಮ್ಮ ಹಲಗೆ: ‘ನಿಶ್ಶಬ್ದ’. ಕಿಟಕಿಯೊಳಗಿನಿಂದ ನಿಮ್ಮ ಗುಮಾಸ್ತರು: "ಏನ್ರೀ ಆ ಹೆಂಗಸಿಗೆ? ಜೋರಾಗಿ ಹೇಳ್ರೀ!" ನನ್ನ ಹಿಂದೆ ಇಪ್ಪತ್ತು ಗಂಡಸರು. ಅವರಲ್ಲೊಬ್ಬರು ಕೊಬ್ಬರಿ ವ್ಯಾಪಾರದ ಮರುಳಪ್ಪ, ದೂರದ ನೆಂಟರು. "ಏನ್ ಷಡಕ್ಷರಪ್ಪನೋರೆ, ಸೊಸೆಗೆ ಹೊಸ ಸಮಾಚಾರವಾ?" ಎಂದು ನಕ್ಕರು. ನೆಂಟರಿಗೆಲ್ಲ ಕಾಗದ ಬರೆಯುವ ನನಗೆ ಸಿಕ್ಕಿದ್ದು ಒಂದೇ ಮಾತು.

"ಹೊಟ್ಟೆನೋವು" ಎಂದೆ.

ಅಲ್ಲಿಂದಾಚೆ ನನ್ನ ಸೊಸೆ ಆ ಚೀಟಿಯ ಹಿಂದೆ ನಡೆದಳು. ಡಾಕ್ಟರ ಮೇಜಿನ ಸುತ್ತಲೂ ಜನ; ಪರದೆಯಿಲ್ಲ, ದಾದಿಯಿಲ್ಲ. ಅವರು ಚೀಟಿ ನೋಡಿ, "ಎಷ್ಟು ದಿನದಿಂದ?" ಎಂದರು. ಅವಳು ನನ್ನ ಮುಖ ನೋಡಿದಳು. ನಾನು "ಬೆಳಗ್ಗಿನಿಂದ" ಎಂದೆ. ಮನೆಯಿಂದ ಒಯ್ದಿದ್ದ ಸೀಸೆಗೆ ಕೆಂಪು ಔಷಧಿ ತುಂಬಿಸಿಕೊಂಡು ಬಸ್ಸು ಹತ್ತಿದೆವು.

ಅವಳ ಸೀರೆ ರಕ್ತದಲ್ಲಿ ಒದ್ದೆಯಾದದ್ದನ್ನು ಕಂಡವಳು ಪಕ್ಕದಲ್ಲಿದ್ದ ಸೊಪ್ಪು ಮಾರುವ ಬೋರಮ್ಮ. "ಎಷ್ಟು ತಿಂಗ್ಳವ್ವ?" ಎಂದು ಕಿವಿಯಲ್ಲಿ ಕೇಳಿ, ಮರುಗಳಿಗೆಗೆ ಇಡೀ ಬಸ್ಸಿಗೆ ಕೇಳುವಂತೆ, "ಬಸುರಿ ಕಣ್ರೋ, ನಿಲ್ಸ್ರೋ ಬಸ್ಸು!" ಎಂದು ಕೂಗಿದಳು. ಕಂಡಕ್ಟರು ಎದುರು ಬಂದ ಕಾರಿಗೆ ಕೈಯಡ್ಡ ಹಾಕಿ ನಮ್ಮನ್ನು ಹಾಸನಕ್ಕೆ ಹತ್ತಿಸಿದರು. ಅಲ್ಲಿಯ ಡಾಕ್ಟರಮ್ಮ, "ಬಸಿರು ಉಳೀತಿತ್ತೋ ಇಲ್ವೋ ಹೇಳೋಕಾಗಲ್ಲ. ಆದ್ರೆ ಈ ಹುಡುಗಿ ಇಷ್ಟು ರಕ್ತ ಕಳ್ಕೋಬೇಕಾಗಿರಲಿಲ್ಲ" ಎಂದರು. ಆಮೇಲೆ, "ಮೊದಲು ತೋರಿಸಿದಾಗ ಏನು ಹೇಳಿದ್ರಿ?" ಎಂದು ಕೇಳಿದರು. ಆ ಪ್ರಶ್ನೆಗೆ ಉತ್ತರವಾಗಿಯೇ ಈ ಕಾಗದ ಬರೆಯುತ್ತಿದ್ದೇನೆ.

ನನ್ನ ನಾಚಿಕೆ ನಾನು ಹೊತ್ತುಕೊಳ್ಳುತ್ತೇನೆ. ನಿಮಗೂ ಸ್ವಲ್ಪ ಪಾಲು ಬೇಡವೇ, ಸ್ವಾಮಿ? ನಿಮ್ಮಲ್ಲಿ ಸ್ಥಳವಿಲ್ಲ ಎನ್ನುವಂತಿಲ್ಲ. ಕುಟುಂಬ ಯೋಜನೆಯ ಕೆಂಪು ತ್ರಿಕೋನ ಬರೆದ ಕೋಣೆಗೆ ಬಾಗಿಲುಂಟು, ಹಸಿರು ಪರದೆಯುಂಟು, ಮೆಲುದನಿಯಲ್ಲಿ ಮಾತಾಡಿಸುವ ದಾದಿಯೂ ಉಂಟು. ಮಕ್ಕಳು ಸಾಕು ಎನ್ನುವವರಿಗೆ ಇಷ್ಟು ಮರ್ಯಾದೆ. ಬಸಿರು ಉಳಿಸಿಕೊಡಿ ಎಂದು ಬಂದವಳಿಗೆ ಮಾತ್ರ ಬೀದಿಗೆ ತೆರೆದ ಕಿಟಕಿ! ತನ್ನ ಒಡಲಿನ ಮಾತನ್ನು ಅವಳು ಮಾವನ ಬಾಯಿಂದ, ಇಪ್ಪತ್ತು ಗಂಡಸರ ಮುಂದೆ ಹೇಳಿಸಬೇಕೆಂದು ಯಾವ ಸರ್ಕಾರಿ ಆಜ್ಞೆಯಲ್ಲಿದೆ?

ದ್ರಾಕ್ಷಾಯಣಿಗೆ ಈಗ ಮತ್ತೆ ಎರಡು ತಿಂಗಳು. ಹೌದು, ಪತ್ರಿಕೆಯಲ್ಲೇ ಹೇಳುತ್ತಿದ್ದೇನೆ. ಗುರುಸಿದ್ದಮ್ಮ ಬೇಡವೆಂದು ಅತ್ತಳು. ಸೊಸೆಯೇ, "ಬರೀರಿ ಮಾವ. ಹೋದ್ಸಲ ಯಾರಿಗೂ ಹೇಳ್ದೆ ಏನು ಉಳೀತು?" ಎಂದಳು.

ಬರುವ ಸೋಮವಾರ ಅವಳನ್ನು ಕರೆತರುತ್ತೇನೆ. ಅಷ್ಟರಲ್ಲಿ ಆ ಹಸಿರು ಪರದೆಯ ಕೋಣೆಯನ್ನು ಬೆಳಗಿನ ಎರಡು ಗಂಟೆ ಬಸುರಿಯರಿಗೆ ಬಿಟ್ಟುಕೊಡಿ. ಚೀಟಿಯನ್ನು ಅಲ್ಲೇ, ಆ ದಾದಿಯೇ, ಅವರನ್ನೇ ಕೇಳಿ ಬರೆಯಲಿ. ಹೊಸ ಕಟ್ಟಡ ಕೇಳುತ್ತಿಲ್ಲ. ಆಗದಿದ್ದರೆ ಅದೇ ಕಿಟಕಿಯಲ್ಲಿ, ಅದೇ ಹಲಗೆಯ ಕೆಳಗೆ ನಿಂತು, ಬೋರಮ್ಮ ಕೂಗಿದಷ್ಟೇ ಜೋರಾಗಿ ಕೂಗುತ್ತೇನೆ. ನಿಮ್ಮ ನಿಶ್ಶಬ್ದ ಕೆಟ್ಟರೆ ಕ್ಷಮಿಸಬೇಡಿ.

ಇಂತಿ, ಒಂದು ಮಾತು ಹೇಳಲಾರದೆ ಹೋದ
ಷಡಕ್ಷರಪ್ಪ, ಹಾರನಹಳ್ಳಿ
ಜೂನ್ ೧೯೭೯