ಬೇವಿನ ಮರದ ಕೆಳಗೆ ಹೊಂಡ ಬೇಡ

ಶಿವಮೊಗ್ಗ
೯ ಫೆಬ್ರವರಿ ೨೦೨೫, ಭಾನುವಾರ

ಪ್ರೀತಿಯ ತಮ್ಮ ಗುರುಮೂರ್ತಿಗೆ,

ಅಕ್ಕನ ಆಶೀರ್ವಾದ. ಇಲ್ಲಿ ಕ್ಷೇಮ ಎಂದು ಬರೆಯುವುದು ರೂಢಿ. ನಾನಂತೂ ಮೂರು ದಿನದಿಂದ ಕೂತಲ್ಲಿ ಕೂತಿಲ್ಲ. ನಿನ್ನ ಫೋನು ಎತ್ತಲಿಲ್ಲವೆಂದು ಬೈದುಕೊಂಡಿರುತ್ತೀಯ. ಇದು ಫೋನಿನಲ್ಲಿ ಹೇಳುವ ಮಾತಲ್ಲ. ನಮ್ಮ ಲ್ಯಾಬಿನ ವೇಣು ಇವತ್ತೇ ಕಡೂರಿಗೆ ಹೊರಟಿದ್ದಾನೆ, ಅವನ ಕೈಯಲ್ಲಿ ಇದನ್ನು ಕೊಟ್ಟಿದ್ದೇನೆ.

ಮಂಗಳವಾರ ಎಮ್ಮೆದೊಡ್ಡಿ ಹೊಲಕ್ಕೆ ಜೆಸಿಬಿ ಬರುತ್ತದೆ, ಬೇವಿನ ಮರದ ಕೆಳಗೆ ಕೃಷಿ ಹೊಂಡ ತೆಗೆಸುತ್ತೀಯ ಎಂದು ಅಮ್ಮ ಹೇಳಿದಳು. ಬೇಡ ಕಣೋ. ನಮ್ಮ ಹೋರಿಯನ್ನು ಹೂತದ್ದು ಅಲ್ಲೇ. "ಏಳ್ ವರ್ಷಾಯ್ತಲ್ಲಕ್ಕಾ, ಮಣ್ಣಾಗೋಯ್ತು" ಎನ್ನುತ್ತೀಯ. ಹೋರಿ ಮಣ್ಣಾಗಿದೆ, ಅದನ್ನು ಕೊಂದ ನೆರಡಿ ರೋಗ ಆಗಿಲ್ಲ.

ನನ್ನ ಕೆಲಸ ಏನೆಂದು ಕೇಳುತ್ತಿದ್ದೆಯಲ್ಲ, ಇದೇ. ನೆರಡಿ ಅಂದರೆ ಆಂಥ್ರಾಕ್ಸ್, ಅದರ ಬ್ಯಾಕ್ಟೀರಿಯಾ ಗಾಳಿಗೆ ಬಿದ್ದರೆ ಬೀಜಕ ಕಟ್ಟುತ್ತದೆ. ಅದರೊಳಗಿನ ನೀರು ಇಂಗಿ ಬೀಜಕ ಬಲಿಯಬೇಕು, ಎಳನೀರು ಉಂಡೆ ಕೊಬ್ಬರಿ ಆದ ಹಾಗೆ. ಅದಕ್ಕೊಂದು ಜೀನ್ ಬೇಕು. ರೋಗ ತರದ ಅದರ ದಾಯಾದಿಯೊಂದರಲ್ಲಿ ನಾನು ಆ ಜೀನನ್ನೇ ಕಿತ್ತುಹಾಕಿದೆ. ಬೀಜಕ ಎಳಸಾಗಿಯೇ ಉಳಿದು ಬಿಸಿ ತಾಗಿದೊಡನೆ ಸತ್ತಿತು. ಗೈಡ್ ಜಯದೇವಪ್ಪನವರಿಗೆ ಖುಷಿಯೋ ಖುಷಿ. ನನಗೆ ಮಾತ್ರ ಹೊಲದ್ದೇ ಯೋಚನೆ. ಅಲ್ಲಿರುವುದರ ಜೀನನ್ನು ಯಾರೂ ಕಿತ್ತಿಲ್ಲವಲ್ಲ! ಬಲಿತು ಕೂತಿದೆ, ಮಣ್ಣಿನಲ್ಲಿ ಹತ್ತಾರು ವರ್ಷ ಸಾಯುವುದಿಲ್ಲ. ಮಣ್ಣು ಮೇಲೆ ಬಂದರೆ ದನ ಅಲ್ಲೇ ಮೇಯುತ್ತವೆ.

ಹೆಣವನ್ನು ಕುಯ್ಯದೆ ಹೂತಿದ್ದರೆ ಇಷ್ಟು ಭಯವಿರಲಿಲ್ಲ. ಅವತ್ತು ದನದ ಡಾಕ್ಟರು ಸೀಳಿದ ಹೊಟ್ಟೆ ನೋಡಿ "ಯಾರ್ರೀ ಇದನ್ನ ಕುಯ್ದೋರು?" ಎಂದು ಕೂಗಾಡಿದರು. ಅದೇ ವಾರ ಇನ್ನೆರಡು ಹಸು ಹೋದವು. "ಚರ್ಮದಾಸೆಗೆ ಇವ್ನೇ ಕುಯ್ದವ್ನೆ" ಎಂದು ನೀನು ನಮ್ಮ ಆಳು ಚೌಡಪ್ಪನನ್ನು ಓಡಿಸಿದೆ.

ಜೆಸಿಬಿಯವನಿಗೆ ಈಗಲೇ ಫೋನು ಮಾಡು. ದನಗಳಿಗೆ ಲಸಿಕೆ ಹಾಕಿಸು. ಅಮ್ಮನಿಗೆ ನಮಸ್ಕಾರ. ನೀನೂ ನಿನ್ನ ಹಟ್ಟಿಯೂ ನೂರು ಕಾಲ ಚೆನ್ನಾಗಿರಿ.

ನಿನ್ನ ಅಕ್ಕ,
ಸುಮನಾ

ತಾ.ಕ.: ಹೋರಿಯನ್ನು ಕುಯ್ದವಳು ನಾನು. ಆಗಿನ್ನೂ ಓದುತ್ತಿದ್ದೆ. ಈ ರೋಗದಲ್ಲಿ ಹೊಟ್ಟೆಯೊಳಗಿನ ಗುಲ್ಮ ಕಪ್ಪಾಗಿ ಊದಿರುತ್ತದೆಂದು ಪುಸ್ತಕದಲ್ಲಿತ್ತು, ನೋಡುವ ಹುಚ್ಚು. ಕುಯ್ಯಬಾರದೆಂಬುದು ಮುಂದಿನ ಪುಟದಲ್ಲಿತ್ತು. ಚೌಡಪ್ಪ ನೋಡಿದ. "ಒಳೀಕ್ ಹೋಗವ್ವಾ, ಕೈ ತೊಳ್ಕೊ" ಎಂದ, ಅಷ್ಟೇ. ನೀನು ಅವನ ಕೆನ್ನೆಗೆ ಹೊಡೆದಾಗಲೂ ನನ್ನ ಹೆಸರೆತ್ತಲಿಲ್ಲ. ನಾನು ಬಾಗಿಲಲ್ಲೇ ನಿಂತಿದ್ದೆ.